ತಾನಾಗಿ ಬಿದ್ದ ಕೋಡು

ಕಡವೆ ವರ್ಷಕ್ಕೊಮ್ಮೆ ಕೋಡು ಉದುರಿಸುತ್ತದೆ ಎಂಬುದು ಮದುವೆಯಾಗಿ ಬರುವ ತನಕ ನನಗೆ ಗೊತ್ತಿರಲಿಲ್ಲ. ನನ್ನ ತವರು ಹಾನಗಲ್ಲಿನ ಆಚೆ, ಬಯಲು. ನಾವು ಕಂಡ ಕೋಡೆಂದರೆ ಎತ್ತಿನದು, ಎಮ್ಮೆಯದು. ಅವು ಒಮ್ಮೆ ಮೂಡಿದವೆಂದರೆ ಸಾಯುವ ತನಕ ತಲೆಯ ಮೇಲೇ ಇರುತ್ತವೆ. ಶಿರಸಿ ತಾಲ್ಲೂಕಿನ ಬನವಾಸಿ ಕಡೆಯ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ನಮ್ಮ ಮನೆಯವರು ಒಂದು ಬೆಳಿಗ್ಗೆ "ಕೋಡು ಬಿದ್ದಾವೇನೋ ನೋಡಿ ಬರ್ತೀನಿ" ಎಂದು ಹೊರಟರು. "ಯಾವ ಎತ್ತಿಂದು?" ಎಂದು ನಾನು ಗಾಬರಿಯಿಂದ ಕೇಳಿದೆ. ಅವರು ನಗುತ್ತ ಹೋದರು. ಅತ್ತೆ ನಗಲಿಲ್ಲ. "ಕಾಡಿನ ಮಗ್ಗಲಿಗೆ ಬಂದೀದಿ, ಇನ್ನರ ಕಲಿ" ಅಂದರು.

ಕಲಿಸಿದವರೂ ಅವರೇ. ಕಡವೆ ಜಿಂಕೆಯ ಬಳಗದಲ್ಲೇ ದೊಡ್ಡದು, ಮೈಯಲ್ಲಿ ಎತ್ತಿಗೆ ಹತ್ತಿರ. ಗಂಡಿಗೆ ಮಾತ್ರ ಕವಲೊಡೆದ ಕೋಡು. ಬೇಸಿಗೆಯಲ್ಲಿ ಅದು ಬುಡ ಸಡಿಲವಾಗಿ ಬಿದ್ದುಹೋಗಿ, ಮಳೆಗಾಲದಲ್ಲಿ ಹೊಸದು ಚಿಗುರುತ್ತದೆ. ಎರಡೂ ಒಟ್ಟಿಗೆ ಬೀಳುವುದಿಲ್ಲ. ಒಂದು ಇಲ್ಲಿ ಬಿದ್ದರೆ ಇನ್ನೊಂದು ಕೆಲವು ದಿನ ಬಿಟ್ಟು ಎಲ್ಲೋ ಬೀಳುತ್ತದೆ. ತಾನಾಗಿ ಬಿದ್ದ ಕೋಡಿನ ಬುಡ ಅಂಗಿಯ ಗುಂಡಿಯ ಹಾಗೆ ದುಂಡಗೆ ಉಬ್ಬಿರುತ್ತದೆ. ಕೊಂದ ಪ್ರಾಣಿಯದಾದರೆ ಬುಡಕ್ಕೆ ತಲೆಬುರುಡೆಯ ಎಲುಬು ಅಂಟಿಕೊಂಡಿರುತ್ತದೆ, ಇಲ್ಲವೇ ಗರಗಸದ ಗುರುತು ಇರುತ್ತದೆ. ಸತ್ತ ಕಡವೆಯ ಕೋಡು ಎಷ್ಟು ಕೊಳೆತರೂ ಬುಡದಲ್ಲಿ ಕಳಚುವುದಿಲ್ಲ. ಹಾಗಾಗಿ ಯಾರು ಕೋಡು ತಂದು ಕೊಟ್ಟರೂ ಅತ್ತೆ ತುದಿ ನೋಡುತ್ತಿರಲಿಲ್ಲ, ಕವಲು ಎಣಿಸುತ್ತಿರಲಿಲ್ಲ. ತಿರುಗಿಸಿ ಹಿಡಿದು ಬುಡ ನೋಡುತ್ತಿದ್ದರು.

ಅವರಿಗೆ ಕೋಡು ಬೇಕಾಗುತ್ತಿದ್ದುದು ಔಷಧಿಗೆ. ಬಾಣಂತಿಯರಿಗೆ ಹಾಲು ಕಟ್ಟಿ ಎದೆ ಬಾತುಕೊಂಡರೆ ಕಡವೆಯ ಕೋಡನ್ನು ಕಲ್ಲಿನ ಮೇಲೆ ನೀರು ಹಾಕಿ ತೇದು, ಆ ಗಂಧವನ್ನು ಹಚ್ಚುವುದು. ಇದು ಎಲ್ಲ ಕಡೆಯೂ ಇದ್ದದ್ದೇ. ಆದರೆ ಅತ್ತೆಯ ಕೈಗುಣಕ್ಕೆ ಹೆಸರಿತ್ತು. ಒಮ್ಮೆ ಹೆಗಡೆಕಟ್ಟಾದಿಂದ ಗಾಡಿ ಕಟ್ಟಿಕೊಂಡು ಒಬ್ಬಳು ಬಾಣಂತಿ ಬಂದಿದ್ದಳು. ಜಗುಲಿಯ ಕಂಬಕ್ಕೆ ಒರಗಿ, "ಅಮಾ, ಆನು ರಾತ್ರಿಯಿಡೀ ಕಣ್ಣು ಮುಚ್ಚಿದ್ನಿಲ್ಲೆ" ಎಂದು ಅತ್ತಳು. ಅತ್ತೆ ಅವಳ ಭಾಷೆಗೆ ನಗದೆ, ಜಾತಿ ಕೇಳದೆ, ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಅವಳು ಅದೇ ಕಂಬದ ಬುಡದಲ್ಲಿ ನಿದ್ದೆ ಮಾಡುತ್ತಿದ್ದಳು.

ಈ ಔಷಧಿಗೆ ಅತ್ತೆ ಒಂದು ಕಟ್ಟಳೆ ಇಟ್ಟುಕೊಂಡಿದ್ದರು. ಅವರ ತಾಯಿಯೂ ಇಟ್ಟುಕೊಂಡಿದ್ದರಂತೆ. ಹಾಲಿಗೆ ಹಚ್ಚುವ ಕೋಡು ತಾನಾಗಿ ಬಿದ್ದದ್ದೇ ಆಗಿರಬೇಕು, ಅದರ ಹಿಂದೆ ಪ್ರಾಣಿಯ ಜೀವ ಹೋಗಿರಬಾರದು. ಜೀವ ಹೋದ ಕೋಡನ್ನು ತೇದು ಹಚ್ಚಿದರೆ ಗುಣವೇನೋ ಆದೀತು, ಆದರೆ ತೇದ ಕೈ ಆಮೇಲೆ ಆ ಹಾಲು ಕುಡಿದ ಕೂಸನ್ನು ಮುಟ್ಟಬಾರದು. ಎಂದೆಂದಿಗೂ. ಇದನ್ನು ಅವರು ಹಾಲಿಗೆ ಹುಳಿ ತಾಗಬಾರದು ಎನ್ನುವಷ್ಟೇ ಸಹಜವಾಗಿ ಹೇಳುತ್ತಿದ್ದರು. ನನಗೆ ಇಂಥದ್ದರಲ್ಲಿ ನಂಬಿಕೆ ಕಡಿಮೆ. ಆಗಲೂ ಕಡಿಮೆಯೇ ಇತ್ತು, ಆದರೆ ಹೊಸ ಸೊಸೆಯ ನಂಬಿಕೆಯನ್ನು ಯಾರೂ ಕೇಳುವುದಿಲ್ಲ.

ನಮ್ಮ ಜಿಲ್ಲೆ ಮುಂಬೈ ಸರ್ಕಾರದಿಂದ ಮೈಸೂರಿಗೆ ಸೇರಿದ ಮರುವರ್ಷದ ಬೇಸಿಗೆಯ ಮಾತು ಇದು. ಮನೆಯಲ್ಲಿದ್ದ ಕೋಡಿನ ತುಂಡು ತೇದು ತೇದು ಸವೆದು ಅಡಿಕೆ ಹೋಳಿನಷ್ಟು ಉಳಿದಿತ್ತು. ಬೆರಳಲ್ಲಿ ಹಿಡಿದು ತೇಯಲು ಹೋದರೆ ಉಗುರು ಸವೆಯುತ್ತಿತ್ತು. ಅದೇ ಹೊತ್ತಿಗೆ ನಾದಿನಿ ಹೆರಿಗೆಗೆ ಬಂದಳು.

ನಾದಿನಿಯನ್ನು ಕೊಟ್ಟಿದ್ದು ಯಲ್ಲಾಪುರದ ಕಡೆ. ಅವಳ ಮೊದಲ ಹೆರಿಗೆ ಅಲ್ಲಿಯೇ ಆಗಿತ್ತು. ಮಳೆಯಲ್ಲಿ ದಾರಿ ಕಟ್ಟಿಹೋಗಿ ತವರಿಗೆ ಬರಲಾಗಿರಲಿಲ್ಲ. ಹಾಲು ಕಟ್ಟಿ ಎದೆ ಬಾತು, ಬಾವು ಹಣ್ಣಾಗುವ ತನಕ ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಆಮೇಲೆ ಹಾಲೇ ನಿಂತುಹೋಯಿತು. ಆಕಳ ಹಾಲು ಕೂಸಿಗೆ ಒಗ್ಗಲಿಲ್ಲ. ಕೂಸು ತೀರಿಕೊಂಡ ಸುದ್ದಿ ನಮಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಅತ್ತೆ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಆದರೆ ಈ ಸಲ ಏಳು ತಿಂಗಳಿಗೇ ಗಾಡಿ ಕಳಿಸಿ ಮಗಳನ್ನು ಕರೆಸಿಕೊಂಡರು. ಅವಳು ಬಂದು ಕಾಲು ತೊಳೆಯುವ ಮೊದಲೇ ಮಗನಿಗೆ ಹೇಳಿದರು:

"ಹೆರಿಗಿ ಆಗೂದ್ರಾಗ ನನಗ ಒಂದು ಕೋಡು ತಂದು ಕೊಡು. ಬ್ಯಾರೆ ಏನೂ ಕೇಳೂದಿಲ್ಲ."

ನಮ್ಮ ಮನೆಯವರು ಎಂಥ ಕೆಲಸವನ್ನೂ ಆಗದು ಅನ್ನದ ಮನುಷ್ಯ. ಅದು ಅವರ ಗುಣ, ನನ್ನ ಪಾಲಿಗೆ ಅದೇ ಪೀಡೆ. ಗದ್ದೆಯ ಕೆಲಸ ಮುಗಿದಿದ್ದ ಕಾಲ. ದಿನವೂ ಬೆಳಿಗ್ಗೆ ರೊಟ್ಟಿ ಕಟ್ಟಿಸಿಕೊಂಡು ಕಾಡಿಗೆ ಹೊರಟರು.

ಕೋಡು ಹುಡುಕುವುದಕ್ಕೆ ಅವರಲ್ಲಿ ಕೆಲವು ದಾರಿಗಳಿದ್ದವು. ಎಲ್ಲಕ್ಕಿಂತ ಸುಲಭದ್ದು, ಮುಳ್ಳುಹಂದಿಯ ಬಿಲ ನೋಡುವುದು. ಮುಳ್ಳುಹಂದಿಗೆ ಕೋಡು ಕಡಿಯುವ ಚಟ. ಎಲ್ಲಿ ಬಿದ್ದಿದ್ದರೂ ಎಳೆದು ತಂದು ಬಿಲದ ಬಾಯಲ್ಲಿ ಕೂತು ಕರಕರ ಕಡಿಯುತ್ತದೆ. ಅದಕ್ಕಿಂತ ಮೊದಲು ನಾವು ಹೋದರೆ ಕೋಡು ನಮ್ಮದು, ತಡವಾದರೆ ಚೂರು ನಮ್ಮದು. ಇನ್ನೊಂದು ದಾರಿ ಶಿವನೆ ಮರ. ಬೇಸಿಗೆಯಲ್ಲಿ ಶಿವನೆಯ ಹಳದಿ ಹಣ್ಣು ಬೀಳುತ್ತದೆ, ಕಡವೆಗೆ ಅದೆಂದರೆ ಪ್ರಾಣ. ಹಣ್ಣು ನುಂಗಿ, ಎಲ್ಲೋ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತದೆ. ಹಾಗೆ ಬೀಜದ ರಾಶಿ ಕಂಡಲ್ಲಿ ಕಡವೆ ಮಲಗುವ ಜಾಗ ಇದೆ ಎಂದು ಅರ್ಥ. ಅಲ್ಲಿ ಸುತ್ತಮುತ್ತ ತರಗೆಲೆ ಕೆದಕಬೇಕು. ದನ ಕಾಯುವವರನ್ನು ಕೇಳುವುದು, ಸೊಪ್ಪಿಗೆ ಹೋಗುವ ಹೆಂಗಸರಿಗೆ ಹೇಳಿಡುವುದು, ಇವೂ ಇದ್ದವು.

ಬಿದ್ದ ಕೋಡು ಕೂಡ ಸರ್ಕಾರದ್ದು ಎಂದು ಫಾರೆಸ್ಟ್ ಗಾರ್ಡ್ ಹೇಳುತ್ತಿದ್ದ. ಆದರೆ ಸರ್ಕಾರವೇ ಆಗಷ್ಟೇ ಬದಲಾಗಿತ್ತು, ಯಾವ ಸರ್ಕಾರದ್ದು ಎಂದು ಕೇಳಿದರೆ ಅವನಿಗೂ ತೊದಲು. ಅಲ್ಲದೆ ಅವನ ಹೆಂಡತಿಗೂ ಅತ್ತೆಯೇ ಕೋಡು ತೇದು ಹಚ್ಚಿದ್ದರು. ನಮ್ಮವರು ಎದುರಿಗೆ ಬಂದರೆ ಅವನು ಮರದ ತುದಿ ನೋಡುತ್ತ ನಡೆದುಬಿಡುತ್ತಿದ್ದ.

ಇಷ್ಟೆಲ್ಲ ದಾರಿ ಇದ್ದೂ ಆ ವರ್ಷ ಕೋಡು ಸಿಗಲಿಲ್ಲ. ಒಂದು ದಿನ ಚುಕ್ಕೆ ಜಿಂಕೆಯ ಸಣ್ಣ ಕೋಡು ತಂದರು. ಅತ್ತೆ, ಇದನ್ನು ಟವೆಲ್ ತೂಗುಹಾಕಲು ಗೋಡೆಗೆ ಹೊಡೆ ಅಂದರು. ಬಸ್ಸು ಹತ್ತಿ ಯಲ್ಲಾಪುರಕ್ಕೂ ಹೋಗಿ ಬಂದರು. ಅಲ್ಲಿಂದ ತಂದದ್ದು ಮುಳ್ಳುಹಂದಿ ತಿಂದು ಬಿಟ್ಟ ಎಂಜಲು. ಅದು ಹಲ್ಲಿನ ಗುರುತು ತುಂಬಿ ಜೊಳ್ಳಾಗಿತ್ತು, ಕಲ್ಲಿಗಿಟ್ಟರೆ ಪುಡಿಯಾಯಿತು.

ಕೊನೆಗೆ ಶಿರಸಿ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ನೆಂಟರು ತಮ್ಮ ಗೋಡೆಯ ಮೇಲಿದ್ದದ್ದನ್ನೇ ಇಳಿಸಿ ಕೊಟ್ಟರು. ಹಲಗೆಗೆ ಬಡಿದ ಜೋಡಿ ಕೋಡು, ನಡುವೆ ಬಿಳಿ ಬುರುಡೆ. ಯಾವ ಕಾಲದ ಶಿಕಾರಿಯದೋ, ಧೂಳು ತುಂಬಿತ್ತು. ಅತ್ತೆ ಅದನ್ನು ಒಳಗೆ ತರಲೂ ಬಿಡಲಿಲ್ಲ. ಅಂಗಳದಲ್ಲೇ ನಿಂತು, "ವಾಪಸ್ ಕೊಟ್ಟು ಬಾ" ಅಂದರು.

ನನಗೆ ತಡೆಯಲಾಗಲಿಲ್ಲ. "ಅತ್ತೀ, ಬ್ಯಾನಿ ಬಂದಾಗ ಬುಡ ನೋಡಿಕೋತ ಕೂಡೂದೇನು? ಯಾವಾಗೋ ಸತ್ತ ಪ್ರಾಣಿ ಅದು, ನಾವೇನು ಕೊಂದ್ವಿ?"

"ನಾವು ಕೊಂದಿಲ್ಲ. ಆದ್ರ ತೇಯೋಳು ನಾನು" ಅಂದರು ಅತ್ತೆ. "ಈ ಕೈಲೇನ ಕೂಸಿಗೆ ಎರೀಬೇಕಲ್ಲ ನಾನು."

ಎರೆಯುವುದು ಎಂದರೆ ಕೂಸಿಗೆ ನೀರು ಹಾಕುವುದು. ನಮ್ಮಲ್ಲಿ ಅದು ತಾಯಿಯ ತಾಯಿಯ ಕೆಲಸ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತೀಡಿ ಬಿಸಿನೀರು ಎರೆಯುವುದು. ಮೊದಲ ಮೊಮ್ಮಗುವಿಗೆ ಅವರು ಒಂದು ದಿನವೂ ಎರೆಯಲಿಲ್ಲ. ಆ ಕೂಸಿನ ಮುಖವನ್ನೂ ನೋಡಲಿಲ್ಲ. ಆ ಮಾತು ಕೇಳಿದರೂ ನನ್ನ ಸಿಟ್ಟು ಇಳಿಯಲಿಲ್ಲ.

ಆಗಲೇ ನಮ್ಮವರ ತಲೆಗೆ ಹೊಸ ಯೋಚನೆ ಹೊಕ್ಕಿತು. ಕೋಡು ಬೀಳುವ ಜಾಗ ಹುಡುಕುವ ಬದಲು, ನಾವು ಹೇಳಿದ ಜಾಗದಲ್ಲೇ ಬೀಳುವಂತೆ ಮಾಡಿದರೆ? ಬುಡ ಸಡಿಲವಾದ ಕೋಡಿಗೆ ಒಂದು ಸಣ್ಣ ತಾಗು ಸಾಕು ಎನ್ನುವುದು ಅವರ ವಾದ. ಕಡವೆ ತಾನೇ ಮರಕ್ಕೆ ತಲೆ ತಿಕ್ಕಿ ಬೀಳಿಸಿಕೊಳ್ಳುವುದನ್ನು ಅವರು ನೋಡಿದ್ದರು. ಆ ತಿಕ್ಕುವ ಮರವನ್ನು ನಾವೇ ಕಟ್ಟಿಕೊಟ್ಟರಾಯಿತು ಅಂದರು.

ಹಳ್ಳದ ಮೇಲಿನ ದಿಬ್ಬದಲ್ಲಿ ಒಂದು ಹಳೆಯ ಶಿವನೆ ಮರವಿತ್ತು. ಅದರ ಬುಡದಲ್ಲಿ ಗೂಟ ನೆಟ್ಟು, ಅಡ್ಡಕ್ಕೆ ಎರಡು ಬಿದಿರ ಗಳ ಕಟ್ಟಿದರು, ಒಂದು ಮೇಲೆ, ಒಂದು ಕೆಳಗೆ. ನಡುವೆ ಕಡವೆಯ ತಲೆ ಹಿಡಿಸುವಷ್ಟು ಕಂಡಿ. ಒಳಗೆ ಒಂದು ಹಳೆಯ ಮರದ ಮರಿಗೆಯಲ್ಲಿ ಉಪ್ಪು, ತೌಡು, ಮೇಲೆ ಒಂದಿಷ್ಟು ಶಿವನೆ ಹಣ್ಣು. ಕಡವೆ ತಲೆ ಓರೆ ಮಾಡಿ ಒಳಗೆ ಹಾಕಬೇಕು, ತಿಂದು ತಲೆ ಎತ್ತುವಾಗ ಮೇಲಿನ ಗಳ ಕೋಡಿಗೆ ತಾಗಬೇಕು, ಹಣ್ಣಾದ ಕೋಡು ಕಳಚಿ ಬೀಳಬೇಕು. ಇದಿಷ್ಟು ಲೆಕ್ಕ.

ಮೊದಲ ದಿನ ತೌಡನ್ನು ಕಾಡುಹಂದಿ ತಿಂದಿತು. ಆಮೇಲೊಂದು ದಿನ ನಮ್ಮದೇ ಎತ್ತು ಮೂತಿಗೆಲ್ಲ ತೌಡು ಮೆತ್ತಿಕೊಂಡು ಮನೆಗೆ ಬಂತು. ನಾನು ಎತ್ತಿನ ಕೋಡು ಅಲ್ಲಾಡಿಸಿ ನೋಡಿ, "ಇದರದ್ದು ಇನ್ನೂ ಹಣ್ಣಾಗಿಲ್ಲ ನೋಡ್ರಿ" ಅಂದೆ. ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ಕೂಡ ಸೆರಗು ಬಾಯಿಗೆ ಒತ್ತಿಕೊಂಡರು. ನಮ್ಮವರೊಬ್ಬರೇ ಗಂಭೀರವಾಗಿದ್ದರು.

ಕಡವೆಯೂ ಬಂತು. ಆದರೆ ಕಾಡುಬಳ್ಳಿಯಲ್ಲಿ ಕಟ್ಟಿದ್ದ ಗಳ ಅದು ಮುಟ್ಟಿದ ಕೂಡಲೇ ಬಿಚ್ಚಿಕೊಂಡು ಬಿತ್ತು, ಕೋಡು ಬೀಳಲಿಲ್ಲ. ಹೆಜ್ಜೆ ಗುರುತು ನೋಡಿ ದೊಡ್ಡ ಗಂಡೇ ಎಂದು ನಮ್ಮವರಿಗೆ ಹುರುಪು ಬಂತು. ಬಳ್ಳಿ ಬಿಟ್ಟು ಪುಂಡಿನಾರಿನ ಹಗ್ಗ ತೆಗೆದುಕೊಂಡರು.

ತಪ್ಪಿದ್ದು ಅಲ್ಲಿ. ಆ ಕೆಲಸಕ್ಕೆ ಬೇಕಾದದ್ದು ಜೋರಾಗಿ ಎಳೆದರೆ ಬಿಚ್ಚಿಕೊಳ್ಳುವ ಗಂಟು. ಅವರು ಹಾಕಿದ್ದು ಎಳೆದಷ್ಟೂ ಬಿಗಿಯಾಗುವ ಎತ್ತಿನ ಗಂಟು. ಹುಟ್ಟಿದಾಗಿನಿಂದ ದನ ಕಟ್ಟಿದ ಕೈ, ಸಡಿಲ ಗಂಟು ಹಾಕಲು ಒಪ್ಪಲೇ ಇಲ್ಲ. ಒಕ್ಕಲುತನದ ಮನೆಯಲ್ಲಿ ಬಿಚ್ಚಿಕೊಳ್ಳುವ ಗಂಟು ಹಾಕಿದವನನ್ನು ಸೋಮಾರಿ ಅನ್ನುತ್ತಾರೆ. ಅಷ್ಟು ಯೋಚನೆ ಮಾಡಿ ಕಟ್ಟಿದ ಮನುಷ್ಯನಿಗೆ ಈ ಒಂದು ಯೋಚನೆ ಬರಲಿಲ್ಲ.

ಒಂದು ಬೆಳಿಗ್ಗೆ ಹೋದವರು ಹೋದ ಹಾಗೆಯೇ ಓಡಿ ಬಂದರು. ಕಂಬಳಿ ತಾ, ಕುಡುಗೋಲು ತಾ ಎಂದು ಅಂಗಳದಿಂದಲೇ ಕೂಗಿದರು. ಪಕ್ಕದ ಮನೆಯ ಕಾಕಾ ಎತ್ತಿಗೆ ಲಾಳ ಹೊಡೆಸುವಾಗ ಕೆಡವಲು ಬರುವವರು, ಗಟ್ಟಿ ಆಳು. ಅವರನ್ನೂ ಎಬ್ಬಿಸಿಕೊಂಡು ಹೊರಟರು. ಬೇಡ ಅಂದರೂ ನಾನು ಹಿಂದೆಯೇ ಹೋದೆ.

ಕಡವೆಯನ್ನು ಅಷ್ಟು ಹತ್ತಿರದಿಂದ ನಾನು ಮತ್ತೆಂದೂ ನೋಡಲಿಲ್ಲ. ಅದರ ಎಡಗೋಡು ಗಳಕ್ಕೂ ಗೂಟಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಬಲಗೋಡಿಗೆ ಹಗ್ಗ ಸುತ್ತಿಕೊಂಡು ಬಿಗಿದಿತ್ತು. ಕಾಲು ಕೆರೆದು ಕೆರೆದು ನೆಲ ಗುಂಡಿ ಬಿದ್ದಿತ್ತು. ಬಾಯಲ್ಲಿ ನೊರೆ. ನಮ್ಮನ್ನು ಕಂಡು ಅದು ಕೂಗಲಿಲ್ಲ, ಸುಮ್ಮನೆ ಉಸಿರು ಬಿಡುತ್ತಿತ್ತು.

ನಮ್ಮವರು ಮರದ ಹಿಂದಿನಿಂದ ಹೋಗಿ ಅದರ ತಲೆಯ ಮೇಲೆ ಕಂಬಳಿ ಎಸೆದರು. ಕಣ್ಣು ಮುಚ್ಚಿದ ಕೂಡಲೇ ಅದು ನಿಂತುಬಿಟ್ಟಿತು. ಕಾಕಾ ಬಗ್ಗಿ ಗಳದ ಹಗ್ಗ ಕೊಯ್ದರು. ಒಂದು ಕಡೆ ಬಿಟ್ಟುಕೊಂಡದ್ದೇ ತಡ, ಅದು ಇಡೀ ಮೈಯ ಬಲ ಹಾಕಿ ತಲೆ ಕೊಡವಿತು. ಟಕ್ ಎಂದು ಸದ್ದಾಯಿತು. ಕಂಬಳಿ ಹೊದ್ದುಕೊಂಡೇ ಇಳಿಜಾರಿಗೆ ಹಾರಿತು, ಕೆಳಗೆ ಎಲ್ಲೋ ಕಂಬಳಿ ಬೀಳಿಸಿತು, ಬಿದಿರ ಹಿಂಡಿಲಿನ ಆಚೆ ಹೋಯಿತು. ಒಂದೇ ಕೋಡು, ಅದಕ್ಕೆ ತುಂಡು ಹಗ್ಗ ಜೋತುಬಿದ್ದಿತ್ತು. ಎಡಗೋಡು ನಮ್ಮ ಗೂಟದ ನಡುವೆಯೇ ಉಳಿದಿತ್ತು.

ನನಗೆ ಆದದ್ದು ಸಂತೋಷವೇ. ಸುಳ್ಳು ಯಾಕೆ ಹೇಳಲಿ, ಕೋಡು ಸಿಕ್ಕಿತು, ಇನ್ನು ನಾದಿನಿಗೆ ಭಯವಿಲ್ಲ ಎಂದು ಕುಣಿಯುವ ಹಾಗಾಯಿತು. ನಮ್ಮವರು ಅದನ್ನು ಎತ್ತಿ ತಿರುಗಿಸಿದರು. ಬುಡ ದುಂಡಗೆ ಗುಂಡಿಯ ಹಾಗೇ ಇತ್ತು, ಹಣ್ಣಾದ ಕೋಡೇ. ಆದರೆ ಅದರ ಮೇಲೆ ಹಸಿ ರಕ್ತ ಇತ್ತು. ಅವರು ಅದನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತರು. ಎದ್ದು ಗೂಟ ಕಿತ್ತು, ಗಳವನ್ನೆಲ್ಲ ಮುರಿದು ಹಾಕಿ ಆಮೇಲೆ ಮನೆಗೆ ಬಂದರು.

ಅತ್ತೆ ಬುಡದ ರಕ್ತ ನೋಡಿದರು. "ಬಿತ್ತೋ, ಕಿತ್ತಿರೋ?"

"ತಾನ ಬಿತ್ತವ್ವಾ" ಅಂದರು ನಮ್ಮವರು.

"ಕೊಡವಿಕೊಂಡು ಹೋತು" ಅಂದರು ಕಾಕಾ. ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಕೆಟ್ಟ ಚಾಳಿ.

ಅತ್ತೆ, "ಅದು ಬದುಕಿದ್ರ ಇದು ಬಿದ್ದದ್ದು. ಸತ್ರ ಕಿತ್ತದ್ದು. ಕಾಯೂಣು" ಎಂದು ಕೋಡನ್ನು ಗೋಣಿತಾಟಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು.

ಕೆಲವೇ ದಿನಗಳಲ್ಲಿ ಹಳ್ಳದ ಕೆಳಗೆ ರಣಹದ್ದುಗಳು ಸುತ್ತತೊಡಗಿದವು. ದನ ಕಾಯುವವರು ಬಂದು ಕಡವೆ ಸತ್ತು ಬಿದ್ದಿದೆ ಅಂದರು. ನಮ್ಮವರು ಹೋಗಿ ನೋಡಿದರು. ಕಾಡುನಾಯಿಗಳು ಎಳೆದಾಡಿ, ಹದ್ದು ತಿಂದು, ಉಳಿದದ್ದು ಒಂದಿಷ್ಟು ಕೂದಲು, ಗೊರಸು, ಎಲುಬು. ತಲೆ ಇರಲಿಲ್ಲ. ನಮ್ಮದೋ ಬೇರೆಯದೋ ಹೇಳುವ ಹಾಗಿರಲಿಲ್ಲ. ಮನೆಗೆ ಬಂದು ಹಾಗೆಯೇ ಹೇಳಿದರು. ಅತ್ತೆ ಅಟ್ಟದ ಕಡೆ ಒಮ್ಮೆ ನೋಡಿ, ಅಕ್ಕಿ ಆರಿಸುವುದನ್ನು ಮುಂದುವರಿಸಿದರು. ಅವರ ಲೆಕ್ಕದಲ್ಲಿ ತೀರ್ಮಾನವಾಗಿಹೋಗಿತ್ತು.

ನಾದಿನಿ ಹೆತ್ತಳು. ಹೆಣ್ಣು. ಕೂಸು ಗುಂಡಗಿತ್ತು, ಗಂಟಲು ಗಟ್ಟಿಯಿತ್ತು. ಅತ್ತೆ ಮೊದಲ ದಿನದಿಂದಲೇ ಎರೆಯಲು ಕೂತರು. ಕಾಲು ಚಾಚಿ, ಕೂಸನ್ನು ಹಾಕಿಕೊಂಡು, ಬೆನ್ನು ತೀಡುತ್ತ ಏನೇನೋ ಹಾಡಿಕೊಳ್ಳುತ್ತಿದ್ದರು. ಅವರ ಬಾಯಲ್ಲಿ ಹಾಡು ಕೇಳಿದ್ದು ನಾನು ಅದೇ ಮೊದಲು.

ಆಮೇಲೆ ನಾವೆಲ್ಲ ಹೆದರಿದ್ದದ್ದೇ ಆಯಿತು. ನಾದಿನಿಯ ಎದೆ ಕಲ್ಲಿನ ಹಾಗಾಯಿತು. ಚಳಿ ಹತ್ತಿ ಜ್ವರ ಬಂತು. ಕೂಸು ಬಾಯಿ ಹಾಕಿದರೆ ಅವಳು ಚೀರುತ್ತಿದ್ದಳು, ಅವಳು ಚೀರಿದರೆ ಕೂಸು ಬಿಟ್ಟು ಅಳುತ್ತಿತ್ತು. ಅತ್ತೆ ಬಿಸಿನೀರಿನ ಶಾಖ ಕೊಟ್ಟರು, ಹಾಲು ಹಿಂಡಿ ತೆಗೆಯಲು ನೋಡಿದರು. ಹಳೆಯ ತುಂಡನ್ನು ಕಲ್ಲಿಗಿಟ್ಟು ನೋಡಿದರು, ಅದು ಬೆರಳಿಂದ ಜಾರಿ ಜಾರಿ ಬೀಳುತ್ತಿತ್ತು. "ಅವ್ವಾ, ಈ ಸಲಾನೂ ಹಂಗ ಆಗತೈತೇನು?" ಎಂದು ನಾದಿನಿ ಕೇಳಿದಳು. ಅತ್ತೆ ಶಾಖದ ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದರು.

ನಾನು ಅಡಿಗೆಮನೆಯಲ್ಲಿ ಅವರನ್ನು ತಡೆದು ನಿಲ್ಲಿಸಿದೆ. "ಅಟ್ಟದ ಮ್ಯಾಲೆ ಕೋಡು ಇಟ್ಟುಕೊಂಡು ಮಗಳನ್ನ ಸಾಯಿಸ್ತೀರೇನು? ನಿಮಗ ಆಗದಿದ್ರ ಹೇಳ್ರಿ, ನಾ ತೇಯ್ತೀನಿ. ಇಲ್ಲಾ ಗಾಡಿ ಕಟ್ಟಿಸ್ರಿ, ಶಿರಸಿ ದವಾಖಾನೆಗೆ ಹೋಗೂಣು."

"ನೀ ತೇಯೂದು ಬ್ಯಾಡ. ನೀ ಇನ್ನ ಹಡೀಬೇಕಾದಾಕಿ, ಅಂಥಾ ಕೈ ನಿನಗ ಬ್ಯಾಡ" ಅಂದರು. "ಮುಂಜಾನೆ ಗಾಡಿ ಕಟ್ಟಾಕ ಹೇಳು."

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹಿತ್ತಲ ಕಡೆ ಕಲ್ಲು ತೇಯುವ ಸದ್ದು ಕೇಳಿತು. ಎದ್ದು ಹೋಗುವಷ್ಟರಲ್ಲಿ ನಿಂತಿತ್ತು. ನಾದಿನಿಯ ಎದೆಗೆ ಬಿಳಿ ಗಂಧ ದಪ್ಪಗೆ ಹಚ್ಚಿತ್ತು. ಎಲ್ಲಿಂದ ಬಂತು ಎಂದು ಕೇಳಿದೆ. "ಹಳೇ ತುಂಡಿನ್ಯಾಗ ಇನ್ನ ಸ್ವಲ್ಪ ಇತ್ತು" ಅಂದರು ಅತ್ತೆ, ಕೈ ತೊಳೆಯುತ್ತ. ಜ್ವರ ಇಳಿಯುತ್ತಿದ್ದುದರಿಂದ ನಾನು ಹೆಚ್ಚು ಕೇಳಲು ಹೋಗಲಿಲ್ಲ. ಕಟ್ಟಿದ್ದ ಗಾಡಿ ಬಿಚ್ಚಿಸಿದೆವು. ಇನ್ನೂ ಎರಡು ಸಲ ಅದೇ ಗಂಧ ಹಚ್ಚಿದರು, ನಾನೂ ನಮ್ಮವರೂ ಹೊರಗಿದ್ದಾಗ. ಬಾವು ಕರಗಿತು, ಹಾಲು ಹರಿಯಿತು, ಕೂಸು ಗುಟುಕು ಗುಟುಕಾಗಿ ಕುಡಿಯುವ ಸದ್ದು ಹೊರಗಿನ ಜಗುಲಿಗೆ ಕೇಳುತ್ತಿತ್ತು. ಗುಣವಾದದ್ದು ಕೋಡಿನಿಂದಲೋ, ಶಾಖದಿಂದಲೋ, ಹಿಂಡಿ ತೆಗೆದದ್ದರಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಅದನ್ನು ವಿಚಾರಿಸುವ ಮನಸ್ಸು ಯಾರಿಗೂ ಇರಲಿಲ್ಲ.

ಆ ಬೆಳಿಗ್ಗೆಯಿಂದ ಅತ್ತೆ ಕೂಸನ್ನು ಎತ್ತಿಕೊಳ್ಳುವುದು ಬಿಟ್ಟರು.

ಎರೆಯುವ ಕೆಲಸ ನನ್ನ ತಲೆಗೆ ಬಂತು. ನಾನು ಆ ತನಕ ಕೂಸಿಗೆ ನೀರು ಹಾಕಿದವಳಲ್ಲ. ಅತ್ತೆ ನೀರು ಕಾಯಿಸಿ ಕೊಟ್ಟು, ದೂರ ಗೋಡೆಗೆ ಒರಗಿ ಕೂತು ಹೇಳಿಕೊಡುತ್ತಿದ್ದರು: ಕುತ್ತಿಗಿ ಹಿಡಿ, ಕಿವಿಗೆ ನೀರು ಹೋಗತೈತಿ, ಬೆನ್ನು ಮ್ಯಾಲಿಂದ ಕೆಳಗ ತೀಡು. ಬಾಯಿ ಮಾತ್ರ, ಕೈ ಇಲ್ಲ. ಕೂಸು ಅತ್ತರೂ ಬರುತ್ತಿರಲಿಲ್ಲ. ನಾದಿನಿ ಒಮ್ಮೆ ನೀರು ಕುಡಿಯಲು ಎದ್ದವಳು, "ಅವ್ವಾ, ಒಂದ್ ಗಳಿಗಿ ಹಿಡೀ" ಎಂದು ಚಾಚಿದಳು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡು ನನ್ನನ್ನು ಕೂಗಿದರು. ತೊಟ್ಟಿಲಿಗೆ ಹಾಕುವ ದಿನ, ಅಜ್ಜಿಯೇ ಹಾಕಬೇಕಾದಾಗ, ಪಕ್ಕದ ಮನೆಯ ಕಾಕೂಗೆ ಹೇಳಿ ತಾವು ಒಲೆಯ ಮುಂದೆ ಕೂತರು. ಬಂದ ಹೆಂಗಸರು ಮುಖ ಮುಖ ನೋಡಿಕೊಂಡರು.

ಹೆಣ್ಣು ಹುಟ್ಟಿತೆಂದು ಮುಖ ಗಂಟು ಹಾಕಿಕೊಂಡಿದ್ದಾರೆ ಎಂದು ನಾನು ತಿಳಿದೆ. ಜ್ವರದ ಭಯ ಕಳೆದ ಮೇಲೆ ನಿಜವಾದ ಬುದ್ಧಿ ಹೊರಗೆ ಬಂತು ಎಂದು ಮನಸ್ಸಿನಲ್ಲೇ ಬೈದೆ. ಮನಸ್ಸಿನಲ್ಲಿ ಇಟ್ಟುಕೊಳ್ಳುವ ಸ್ವಭಾವ ನನ್ನದಲ್ಲವಾದ್ದರಿಂದ ಬಾಯಲ್ಲೂ ಅಂದೆ. "ಹೆಣ್ಣಂತ ಸಿಟ್ಟೇನ್ರಿ ಅತ್ತೀ?"

"ಕೈ ನೋಯ್ತಾವ" ಅಂದರು. ಅದೇ ಕೈಯಲ್ಲಿ ಅವರು ಕೊಡಗಟ್ಟಲೆ ನೀರು ಸೇದುತ್ತಿದ್ದರು. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ನಮ್ಮವರು ಮಾತ್ರ ಹುಡುಕುವುದನ್ನು ಬಿಟ್ಟಿರಲಿಲ್ಲ. ಮಳೆ ಬಿದ್ದರೆ ತರಗೆಲೆ ಕೊಳೆತು, ಹುಲ್ಲು ಬೆಳೆದು, ಬಿದ್ದ ಕೋಡು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಮೊದಲು ಆ ಇನ್ನೊಂದು ಕೋಡು ಸಿಗಬೇಕು ಎನ್ನುವುದು ಅವರ ಹಟ. ಔಷಧಿಗಲ್ಲ, ಆ ಕಡವೆ ಬದುಕಿದೆ ಎಂದು ತಮಗೇ ಗೊತ್ತಾಗುವುದಕ್ಕೆ. ಅವರಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ. ನನ್ನ ಗಂಟು, ನನ್ನ ಗಂಟು ಎಂದು ಅನ್ನುತ್ತಿದ್ದರು. ಹದ್ದು ಹಾರಿದ ಹಳ್ಳದ ಕಡೆ ಬಿಟ್ಟು, ಬೇಸಿಗೆಯಲ್ಲಿ ಬತ್ತಿದ ವರದಾ ಹೊಳೆ ದಾಟಿ ಆಚೆ ದಂಡೆಯ ಕಾಡಿಗೂ ಹೋಗತೊಡಗಿದರು.

ಕಾರ ಹುಣ್ಣಿಮೆ ಹತ್ತಿರ ಬಂದಿತ್ತು, ಆಕಾಶ ಮೋಡ ಕಟ್ಟುತ್ತಿತ್ತು. ಒಂದು ಮಧ್ಯಾಹ್ನ ನಾವು ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದೆವು. ಕೂಸು ನಾದಿನಿಯ ಮಡಿಲಲ್ಲಿತ್ತು. ನಮ್ಮವರು ಒಳಗೆ ಬಂದು, ಅತ್ತೆಯ ಮುಂದೆ ಒಂದು ಕೋಡು ಇಟ್ಟರು. ಹೊಳೆಯ ಆಚೆ, ಬಿದಿರ ಹಿಂಡಿಲಿನ ನೆರಳಲ್ಲಿ, ಶಿವನೆ ಬೀಜದ ರಾಶಿಯ ಪಕ್ಕದಲ್ಲಿ ಸಿಕ್ಕಿತಂತೆ. ಬಲಗೋಡು. ಅದರ ಕವಲಿಗೆ ಪುಂಡಿನಾರಿನ ತುಂಡು ಹಗ್ಗ ಇನ್ನೂ ಬಿಗಿದುಕೊಂಡಿತ್ತು. ಗಂಟು ಬಿಚ್ಚಿರಲಿಲ್ಲ.

ಅತ್ತೆ ಅದನ್ನು ತಿರುಗಿಸಿ ಬುಡ ನೋಡಿದರು. ಹೆಬ್ಬೆರಳನ್ನು ಸುತ್ತಲೂ ಆಡಿಸಿದರು. ದುಂಡಗೆ, ಒಣಗಿ, ಚೊಕ್ಕವಾಗಿತ್ತು. ಸತ್ತ ಪ್ರಾಣಿ ಕೋಡು ಕಳಚುವುದಿಲ್ಲ. ಇಲ್ಲಿಂದ ಓಡಿದ ಕಡವೆ ಹೊಳೆ ದಾಟಿ, ಹಣ್ಣು ತಿಂದು, ಮಲಗಿ ಮೆಲುಕು ಹಾಕಿ, ಸಾವಕಾಶವಾಗಿ ಕೋಡು ಬೀಳಿಸಿಕೊಂಡು ಎದ್ದು ಹೋಗಿತ್ತು. ಹದ್ದಿಗೆ ಸಿಕ್ಕಿದ್ದು ಬೇರೆ ಯಾವುದೋ.

ಅತ್ತೆ ಎದ್ದು ಏಣಿ ಹತ್ತಿ ಅಟ್ಟದಿಂದ ಗೋಣಿತಾಟಿನ ಗಂಟು ಇಳಿಸಿದರು. ಬಿಚ್ಚಿ, ಎಡಗೋಡನ್ನು ಬಲಗೋಡಿನ ಪಕ್ಕದಲ್ಲಿಟ್ಟರು. ಜೋಡಿ ಸರಿಯಾಗಿತ್ತು. ಆದರೆ ನಾವು ನೋಡಿದ್ದು ಅದನ್ನಲ್ಲ. ಎಡಗೋಡಿನ ಒಂದು ಕವಲಿನ ತುದಿ ಇರಲಿಲ್ಲ. ಅದು ಓರೆಯಾಗಿ, ನುಣ್ಣಗೆ, ಬೆಳ್ಳಗೆ ಸವೆದಿತ್ತು.

ಹಳೆಯ ತುಂಡಿನಲ್ಲಿ ಏನೂ ಉಳಿದಿರಲಿಲ್ಲ. ಕಡವೆ ಸತ್ತಿದೆ ಎಂದು ನಂಬಿಕೊಂಡೇ ಅವರು ಇದನ್ನು ತೇದಿದ್ದರು. ತೇದ ಕೈಯನ್ನು ಆವತ್ತೇ ಕೂಸಿನಿಂದ ತೆಗೆದುಕೊಂಡಿದ್ದರು, ಎಂದೆಂದಿಗೂ ಎಂದು. ನಾನು ಅದಕ್ಕೆ ಬೇರೆ ಹೆಸರು ಕೊಟ್ಟಿದ್ದೆ.

"ಅವ್ವಾ" ಅಂದಳು ನಾದಿನಿ.

ಅತ್ತೆ ಅವಳ ಕಡೆ ನೋಡಲಿಲ್ಲ. ಮಗನಿಗೆ ಬೈದರು. "ಹೊಳಿ ದಾಟಾಕ ಇಷ್ಟ್ ದಿನ ಬೇಕಾತೇನೋ ನಿನಗ? ಮೊದಲ ಹೋಗಿದ್ರ ಕಾಲು ಸವೀತಿದ್ವೇನು?" ನಮ್ಮವರು ಬೈಸಿಕೊಂಡು, ತಲೆ ತಗ್ಗಿಸಿ, ನಗುತ್ತಿದ್ದರು.

ಅತ್ತೆ ಹಿತ್ತಲಿಗೆ ಹೋಗಿ ಬೂದಿ ಹಾಕಿ ಮೊಳಕೈ ತನಕ ಕೈ ತೊಳೆದುಕೊಂಡರು. ಬಚ್ಚಲ ಹಾಸುಗಲ್ಲಿನ ಮೇಲೆ ಕೂತು, ಸೀರೆ ಮೊಣಕಾಲಿಗೆ ಏರಿಸಿ, ಎರಡೂ ಕಾಲು ಚಾಚಿದರು. ಅಲ್ಲಿಂದಲೇ ನನ್ನನ್ನು ಕೂಗಿದರು.

"ನೀರು ಕಾಸು. ಕೂಸಿನ್ನ ತಗೊಂಡು ಬಾ."

ಕೂಸಿಗೆ ಬೆಳಿಗ್ಗೆಯೇ ಎರೆದಾಗಿತ್ತು. ನಾನು ಹೇಳಲಿಲ್ಲ. ಹಂಡೆಯ ಕೆಳಗೆ ಉರಿ ಹಾಕಿದೆ.